ಕರೆಂಟ್ ತೆಗೆದ ಪಿಯಾನೊ

ಗೋವಾದ ಸಾಂಕೋಲೆಯಲ್ಲಿ ಟೈಲ್ಸ್ ಕೂರಿಸುವ ಭೀಮಶಿ ಮಗಳಿಗೆ ಡಿಜಿಟಲ್ ಪಿಯಾನೊ ಕೊಳ್ಳಲು ಅಂಗಡಿಗೆ ಬಂದು ಕಂಗಾಲಾಗಿದ್ದ. ಒಂದಕ್ಕೆ ಅರವತ್ತೊಂದು ಕೀ, ಇನ್ನೊಂದಕ್ಕೆ ಎಂಬತ್ತೆಂಟು. ಒಂದರ ಕೀ ಹಗುರ, ಇನ್ನೊಂದರದು ಭಾರ. ಬೆಳಗಾವಿ ಕಡೆಯ ಅಂಗಡಿಯವನು ಎಷ್ಟು ನುಡಿಸಿ ತೋರಿಸಿದರೂ ಎಲ್ಲವೂ ಒಂದೇ ಥರ ಕೇಳಿಸಿದವು.

ಕೊನೆಗೆ ಭೀಮಶಿ ರೇಗಿಬಿಟ್ಟ. "ಮದ್ಲ ಕರೆಂಟ್ ತಗೀರಿ!"

ಟೈಲ್ಸಿನ ಕೆಳಗೆ ಟೊಳ್ಳಿದೆಯೇ ಎಂದು ತಟ್ಟಿ ನೋಡುವಂತೆ, ಸದ್ದಡಗಿದ ಪಿಯಾನೊಗಳ ಕೀಗಳನ್ನು ಬಡಿದು ಕಿವಿಗೊಟ್ಟ. ಅಗ್ಗದ ಮೂರರಲ್ಲಿ ಎರಡು ಟಪಟಪ ಎಂದವು, ಒಂದು ಮೆತ್ತಗೆ ಕೂತಿತು.

"ಇದನ್ನ ಕೊಡ್ರಿ."

"ಪಿಯಾನೊ ಹಿಂಗ ಆರಿಸ್ತಾರೇನ್ರಿ?" ಅಂಗಡಿಯವನು ನಕ್ಕ.

"ನಮ್ಮದು ಒಂದ ಖೋಲಿ ಮನಿರಿ. ಅಕಿ ಅವ್ವ ನೈಟ್ ಶಿಫ್ಟ್ ಮುಗಿಸಿ ಹಗಲೆಲ್ಲಾ ಮಲಗ್ತಾಳ, ಹುಡುಗಿ ಹೆಡ್‌ಫೋನ್ ಹಾಕ್ಕೊಂಡ ಬಾರಸ್ತಾಳ. ಹಾಡು ಅಕಿ ಕಿವಿಗಷ್ಟ. ನಮ್ಮ ಪಾಲಿಗಿ ಬರೂದು ಈ ಬಡಿತ."