ಗಿರಣಿ ಗೋಡೆಯ ಮೇಸ್ತ್ರಿ

ನಮ್ಮ ಮಾವನವರು ಗಾರೆ ಮೇಸ್ತ್ರಿ. ಕೆಲಸ ಬಿಟ್ಟು ಎಂಟು ವರ್ಷವಾದರೂ ಯಾರ ಮನೆಗೆ ಹೋಗಲಿ, ಮೊದಲು ಗೋಡೆ ತಟ್ಟಿ ನೋಡುತ್ತಾರೆ, ಆಮೇಲೆ ಮನೆಯವರ ಮುಖ ನೋಡುತ್ತಾರೆ. ನನ್ನ ಮದುವೆಯ ಮಾತಿಗೆಂದು ಬಂದ ದಿನವೂ ನಮ್ಮಪ್ಪನಿಗಿಂತ ಮೊದಲು ನಮ್ಮ ಗೋಡೆಯನ್ನೇ ವಿಚಾರಿಸಿಕೊಂಡಿದ್ದರು.

ಅವರದೊಂದು ಹಳೇ ರಾಗವಿತ್ತು. ಊರಾಚೆಯ ಸರ್ಕಾರಿ ಉದ್ಯಾನವನದಲ್ಲಿ, ಹೊಳೆಯ ದಂಡೆಗೆ ಹಳೆಯ ಹಿಟ್ಟಿನ ಗಿರಣಿ ಇದೆಯಲ್ಲ, ಅದರ ಕುಸಿದ ಗೋಡೆಯನ್ನು ನಲವತ್ತು ವರ್ಷದ ಹಿಂದೆ ಎಬ್ಬಿಸಿ ನಿಲ್ಲಿಸಿದ್ದು ತಾವೇ ಎಂದು. ಆದರೆ ಗಿರಣಿಯ ಮುಂದಿನ ಫಲಕದಲ್ಲಿ ಇನ್ನೂರು ವರ್ಷದ ಗೋಡೆ ಎಂದು ಬರೆದಿದೆ. ಹಾಗಾಗಿ ಮನೆಯಲ್ಲಿ ಒಬ್ಬರೂ ನಂಬುತ್ತಿರಲಿಲ್ಲ. "ಶುರುವಾಯ್ತು, ರೈಲು ಬಿಟ್ರು" ಎಂದು ಅತ್ತೆ ಎದ್ದೇ ಹೋಗುತ್ತಿದ್ದರು. ಊರೆಲ್ಲ ನಂಬದಿದ್ದರೂ ಮಾವನಿಗೆ ಚಿಂತೆಯಿರಲಿಲ್ಲ. ಅತ್ತೆಯೊಬ್ಬರು ನಂಬಬೇಕಿತ್ತು.

ಕಳೆದ ಭಾನುವಾರ ಹಟ ಹಿಡಿದು ಎಲ್ಲರನ್ನೂ ಹೊರಡಿಸಿಯೇ ಬಿಟ್ಟರು. ಅವರು ಇಸ್ತ್ರಿ ಮಾಡಿದ ಅಂಗಿಯಲ್ಲಿ ಮುಂದೆ, ಮೊಣಕಾಲು ನೋವೆಂದು ಗೊಣಗುತ್ತ ಅತ್ತೆ ಹಿಂದೆ.

ಗಿರಣಿ ತೋರಿಸುವ ಹುಡುಗಿ ಚುರುಕಿನವಳು. ಬಂದವರನ್ನೆಲ್ಲ ಗೋಡೆಯ ಮುಂದೆ ನಿಲ್ಲಿಸಿದಳು.

"ಕಲ್ಲಿನ ಸಂದಿ ನೋಡಿ. ಕರಣೆಯಲ್ಲಿ ಗಾರೆ ಎಳೆದ ಗೀಟೆಲ್ಲ ಎಡಕ್ಕೆ ವಾಲಿದೆ. ಈಗಿನ ಮೇಸ್ತ್ರಿಗಳು ಎಳೆದರೆ ಬಲಕ್ಕೆ ವಾಲುತ್ತೆ. ಇದು ಹಿಂದಿನವರ ಕೈಚಳಕ, ಈಗ ಯಾರಿಗೂ ಬರಲ್ಲ."

"ನನಗೆ ಬರುತ್ತಮ್ಮ," ಎಂದರು ಮಾವ. "ನಾನು ಎಡಚ. ಇದು ನಾನೇ ಎಳೆದಿದ್ದು."

ಜನ ನಕ್ಕರು. "ಇರಬಹುದು ತಾತ, ಹೋದ ಜನ್ಮದಲ್ಲಿ," ಎಂದು ಅವಳೂ ನಕ್ಕಳು. ಮಾವನ ಮುಖ ಸಪ್ಪಗಾಯಿತು. ನನಗೆ ಸಿಟ್ಟು ಬಂತು, ಆದರೆ ಯಾವ ಬಾಯಲ್ಲಿ ಜಗಳ ತೆಗೆಯಲಿ? ನಾನೂ ನಂಬಿದವಳಲ್ಲ.

ಅತ್ತೆ ಮಾತ್ರ ನಗಲಿಲ್ಲ. ಗೋಡೆಯ ಹತ್ತಿರ ಹೋಗಿ, ಕನ್ನಡಕ ಮೇಲೇರಿಸಿ, ಗೀಟುಗಳ ಮೇಲೆ ಬೆರಳಾಡಿಸಿದರು. ಒಂದು ಸಂದಿ ಆಯಿತು, ಅದರ ಕೆಳಗಿನದೂ ಆಯಿತು. ಆಮೇಲೆ ಆ ಹುಡುಗಿಯ ಕಡೆ ತಿರುಗಿದರು.

"ನಮ್ಮ ಬಚ್ಚಲ ಗೋಡೆ ಕಟ್ಟಿದ್ದೂ ಇವರೇ. ಮದುವೆಯಾದಾಗಿಂದ ನಾನೇ ಉಜ್ಜಿ ತೊಳೀತಿದೀನಿ. ಅಲ್ಲೂ ಹೀಗೇ ವಾಲಿದೆ, ಕೊನೇಲಿ ಹೀಗೇ ಒಂದು ಚಿಕ್ಕ ತಿರುವು. ಕಣ್ಣು ಕಟ್ಟಿದ್ರೂ ಗುರುತು ಹಿಡೀತೀನಿ. ಇದು ಇವರ ಕೈಯೇ ಕಣಮ್ಮ. ನಿಮ್ಮ ಫಲಕ ತಿದ್ದಿಸಿ."

ಯಾರೂ ನಗಲಿಲ್ಲ. ಹುಡುಗಿ ತಬ್ಬಿಬ್ಬಾಗಿ ತನ್ನ ಪುಸ್ತಕ ತೆರೆದು ಮಾವನ ಹೆಸರು ಕೇಳಿದಳು. ಈ ಗೋಡೆಯ ಕತೆ ಹೇಳಿ ಹೇಳಿ ನಮ್ಮೆಲ್ಲರ ತಲೆ ತಿಂದ ಮನುಷ್ಯ ಕಣ್ತುಂಬಿಕೊಂಡು ಅತ್ತೆಯನ್ನೇ ನೋಡುತ್ತ ನಿಂತುಬಿಟ್ಟರು. ಕೊನೆಗೆ ಹೆಸರನ್ನೂ ಅತ್ತೆಯೇ ಬರೆಸಬೇಕಾಯಿತು.