ಅತ್ತೆ ಹೇಳಿದ ಅಪೆಂಡಿಕ್ಸ್

ಮಗಳಿಗೆ ಆಗ ಹತ್ತು ವರ್ಷ. ಹೊಟ್ಟೆನೋವು ಅಂದಾಗಲೆಲ್ಲ ನಮ್ಮತ್ತೆ "ಬಟ್ಟಿ ಜಾರೈತೆ" ಅನ್ನುತ್ತಿದ್ದರು. ಹೊಕ್ಕುಳಿನ ನಾಡಿ ಪಕ್ಕಕ್ಕೆ ಸರಿದರೆ ಹೊಟ್ಟೆ ನೋಯುತ್ತದೆ, ಎಣ್ಣೆ ಹಚ್ಚಿ ತಿಕ್ಕಿ ಅದನ್ನು ಜಾಗಕ್ಕೆ ತರಬೇಕು, ಅಂದರೆ ಬಟ್ಟಿ ತೆಗೆಯಬೇಕು ಎಂಬುದು ನಮ್ಮ ನ್ಯಾಮತಿ ಕಡೆಯ ಹಳೇ ನಂಬಿಕೆ. ಅತ್ತೆಯ ಕೈಗುಣ ನಂಬಿ ಅಕ್ಕಪಕ್ಕದ ಬೀದಿಯವರೂ ಬರುತ್ತಿದ್ದರು. ಮಗಳ ಹೊಟ್ಟೆಯನ್ನು ಮಾತ್ರ ಆ ಕೈ ವಾಸಿ ಮಾಡಲಿಲ್ಲ. ಒಂದು ಬೆಳಿಗ್ಗೆ ಅವಳು ವಾಂತಿ ಮಾಡಿಕೊಂಡು, ಮೊಣಕಾಲನ್ನು ಎದೆಗೆ ಅವುಚಿ ಮಲಗಿದಾಗ ನಾನು ಅತ್ತೆಯ ಎಣ್ಣೆ ಬಟ್ಟಲು ಕಿತ್ತು ಪಕ್ಕಕ್ಕಿಟ್ಟು, ಗಂಡನನ್ನು ಎಬ್ಬಿಸಿ ದಾವಣಗೆರೆಗೆ ಹೊರಟೆ.

ಸ್ಕ್ಯಾನಿನಲ್ಲಿ ಬಲಗಡೆಯ ಅಂಡಾಶಯದಲ್ಲಿ ಗಡ್ಡೆ ಕಂಡಿತು. ಅದು ತಿರುಚಿಕೊಂಡಿತ್ತು. "ಕ್ಯಾನ್ಸರ್ ಥರ ಕಾಣ್ತಿಲ್ಲ. ಆದ್ರೆ ತಡ ಮಾಡಿದ್ರೆ ಅಂಡಾಶಯಾನೇ ಹೋಗುತ್ತೆ" ಎಂದರು ಡಾಕ್ಟರಮ್ಮ. ಅವತ್ತೇ ಆಪರೇಷನ್ ಆಯಿತು. ಗಡ್ಡೆ ತೆಗೆದರು, ಅಂಡಾಶಯ ಉಳಿಯಿತು. ಪರೀಕ್ಷೆಗೆ ಕಳಿಸಿದ್ದೂ ಸಾದಾ ಗಡ್ಡೆ ಎಂದೇ ಬಂತು. ಒಳಗೆ ಕೂದಲಿತ್ತಂತೆ, ಇಂಥ ಗಡ್ಡೆಗಳಲ್ಲಿ ಅದು ಮಾಮೂಲು ಎಂದರು. ಮಗಳು ಕೇಳಿದ್ದು ಒಂದೇ ಮಾತು: "ಗುಂಗುರು ಕೂದಲಾ, ನೆಟ್ಟಗಿತ್ತಾ?" ನನಗೆ ನಗುವೂ ಬಂತು, ಕಣ್ಣೀರೂ ಬಂತು.

ಅತ್ತೆ ನಗಲಿಲ್ಲ. ಮನೆಗೆ ಬಂದ ದಿನವೇ ನನ್ನನ್ನು ಅಡುಗೆಮನೆಗೆ ಕರೆದು, "ಹೆಣ್ಣುಡುಗಿ. ನಾಳೆ ಮದ್ವಿ ಮಾಡಾಕೆ ಬ್ಯಾಡೇನು? ಯಾರು ಕೇಳಿದ್ರೂ ಅಪೆಂಡಿಕ್ಸ್ ಅನ್ನು" ಎಂದರು. ಕಲ್ಲು ಮನಸ್ಸಿನವರಲ್ಲ, ಮೊಮ್ಮಗಳು ಗಂಜಿ ಕುಡಿಯುವ ತನಕ ತಾವೂ ತಟ್ಟೆ ಮುಟ್ಟುತ್ತಿರಲಿಲ್ಲ. ಊರ ಬಾಯಿಗೆ ಹೆದರುತ್ತಿದ್ದರು, ಅಷ್ಟೆ. ಬ್ರೆಡ್ಡು, ಎಳನೀರು ಹಿಡಿದು ನೋಡಲು ಬಂದವರಿಗೆಲ್ಲ ಅಪೆಂಡಿಕ್ಸ್ ಕಥೆ ಹೇಳಿದರು. ಹೇಳಿ ಹೇಳಿ ಅದಕ್ಕೆ ಕೈಕಾಲು ಮೂಡಿ, ಸೀಬೆಹಣ್ಣಿನ ಬೀಜ ನುಂಗಿದ್ದರಿಂದಲೇ ಹಾಗಾಯಿತು ಎನ್ನುವವರೆಗೆ ಹೋಯಿತು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಮಗು ಮಲಗಿರುವ ಮನೆಯಲ್ಲಿ ಜಗಳ ಬೇಡವೆಂದು ಸುಮ್ಮನಿದ್ದೆ.

ಒಂದು ಸಂಜೆ ತಲೆ ಬಾಚುವಾಗ ಮಗಳು, "ಅಮ್ಮ, ನಂಗೆ ಆಗಿದ್ದು ಹೇಳ್ಬಾರದಂಥದ್ದಾ?" ಎಂದಳು. ಆಪರೇಷನ್ ದಿನ ಕೂಡ ನನಗೆ ಅಷ್ಟು ಸಂಕಟವಾಗಿರಲಿಲ್ಲ. ಅಲ್ಲ ಕಣೇ ಅಂದೆ. ಅವಳು ನಂಬಲಿಲ್ಲ.

ಚೆಕಪ್ಪಿನ ದಿನ ಅತ್ತೆಯೂ ನಮ್ಮ ಜೊತೆ ದಾವಣಗೆರೆ ಬಸ್ಸು ಹತ್ತಿದರು. ಹಿಂದಿನ ಸೀಟಿನಲ್ಲಿ ನಮ್ಮ ಬೀದಿಯ ಹೆಂಗಸು, ಊರಿಗೆಲ್ಲ ಸುದ್ದಿ ಹಂಚುವವಳು. ಪಕ್ಕದ ಸೀಟಿನಲ್ಲಿ ಗುರುತಿಲ್ಲದ ಒಬ್ಬ ತಾಯಿ. ಅವಳ ತೊಡೆಯ ಮೇಲೆ ಸಣ್ಣ ಹುಡುಗಿಯೊಂದು ಮೊಣಕಾಲು ಮಡಚಿ ಮಲಗಿತ್ತು. ಏನಾಗಿದೆ ಎಂದು ಅತ್ತೆ ವಿಚಾರಿಸಿದರು.

"ಬಟ್ಟಿ ಜಾರೈತ್ರೀ. ರಾತ್ರಿಯಿಂದ ವಾಂತಿ ನಿಂತಿಲ್ಲ. ಹೊನ್ನಾಳ್ಯಾಗೆ ಇಳಿದು ತೆಗ್ಸಾಕೆ ಹೊಂಟೀನಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನನ್ನ ಕೈ ಅದುಮಿದರು. ಇಲ್ಲೂ ಬಾಯಿ ಮುಚ್ಚಿಸುತ್ತಾರಲ್ಲ ಎಂದು ಸಿಟ್ಟು ನೆತ್ತಿಗೇರಿತು. ಅವರು ಎದ್ದು ನಿಂತು ಆ ಹುಡುಗಿಯ ಹಣೆ ಮುಟ್ಟಿದರು.

"ತಿಕ್ಕಿಸಬ್ಯಾಡ್ರವ್ವಾ. ನಾನೂ ಬಟ್ಟಿ ತೆಗೆಯೋಳೇ. ನಮ್ಮುಡುಗಿಗೂ ಹಿಂಗೇ ಆದಾಗ ತಿಕ್ಕಿದೆ. ಬಟ್ಟಿ ಅಲ್ಲ, ಅಂಡಾಶಯದಾಗೆ ಗಡ್ಡೆ ಇತ್ತು. ನಿಮ್ಮುಡುಗಿಗೆ ಏನೈತೋ, ಡಾಕ್ಟ್ರು ನೋಡಿ ಹೇಳ್ಲಿ. ಹೊನ್ನಾಳ್ಯಾಗೆ ಇಳೀಬ್ಯಾಡ್ರಿ, ನಮ್ ಜೊತಿ ಬರ್ರಿ."

ಬಸ್ಸಿನ ಸದ್ದಿಗೆ ಕೂಗಿಯೇ ಹೇಳಬೇಕಾಯಿತು. ಎಲ್ಲರಿಗೂ ಕೇಳಿಸಿತು.

"ಅಪೆಂಡಿಕ್ಸ್ ಅಂದಿದ್ರಲ್ರೀ?" ಎಂದಳು ಹಿಂದಿನ ಸೀಟಿನವಳು.

"ಸುಳ್ಳು ಹೇಳಿದ್ದೆ ಕಣೇ," ಎಂದರು ಅತ್ತೆ, ತಿರುಗಿಯೂ ನೋಡದೆ.

ಹೊನ್ನಾಳಿ ಬಂತು. ಆ ತಾಯಿ ಚೀಲ ಎತ್ತಿಕೊಂಡಳು, ಮಗುವಿನ ಮುಖ ನೋಡಿದಳು, ಮತ್ತೆ ಚೀಲ ಕೆಳಗಿಟ್ಟಳು. ಕಂಡಕ್ಟರಿಗೆ ದಾವಣಗೆರೆ ಎಂದಳು. ಬಸ್ಸು ಹೊರಟ ಮೇಲೆ ಅತ್ತೆ ಬಂದು ಕೂತರು. ನನಗೆ ಅವರ ಮೇಲೆ ಎಂದೂ ಇಲ್ಲದ ಪ್ರೀತಿ ಬಂತು.

ಮಗಳು ನನ್ನ ಪಕ್ಕದಿಂದ ಎದ್ದು ಅಜ್ಜಿಯ ತೊಡೆ ಏರಿ ಕೂತಳು. ಆಮೇಲೆ ಪಕ್ಕದ ಸೀಟಿನ ಕಡೆ ಬಗ್ಗಿ, ಅಜ್ಜಿಯಷ್ಟೇ ಜೋರಾಗಿ ಆ ಹುಡುಗಿಗೆ ಹೇಳಿದಳು:

"ಹೆದರ್ಬ್ಯಾಡ. ನಂಗೂ ಆಗಿತ್ತು."