ಹಿಮ್ಮಡಿ ಬಲ್ಲ ಕೋಟೆ

ನಾನೂರು ವರ್ಷ ಹಳೆಯ ಆ ಕಡಲಕೋಟೆಯೊಳಗೆ ಗೈಡು ಮೂವತ್ತೊಂದು ವರ್ಷದಿಂದ ಹಿಂದಕ್ಕೇ ನಡೆಯುತ್ತಿದ್ದ. ಮುಖ ಪ್ರವಾಸಿಗರ ಕಡೆ, ಬೆನ್ನು ಸಮುದ್ರದ ಕಡೆ. ಯಾವ ಮೆಟ್ಟಿಲು ಸವೆದಿದೆ, ಯಾವ ಕಲ್ಲು ಅಲುಗಾಡುತ್ತದೆ ಎಂಬುದೆಲ್ಲ ಅವನ ಹಿಮ್ಮಡಿಗೆ ಬಾಯಿಪಾಠ. ಹಿನ್ನಡೆಯಲ್ಲೇ ಇಷ್ಟು ಮುನ್ನಡೆ ಕಂಡವರು ಆ ಊರಲ್ಲಿ ಇನ್ನೊಬ್ಬರಿರಲಿಲ್ಲ.

ಈಗ ಹೊಸ ನಿಯಮ ಬಂದಿತ್ತು: ಗೈಡುಗಳು ಮುಂದಕ್ಕೇ ನಡೆಯತಕ್ಕದ್ದು. ಪ್ರವಾಸೋದ್ಯಮ ಇಲಾಖೆಯ ಮೇಡಂ ಜೊತೆಗೇ ಬಂದು ಪರೀಕ್ಷೆ ಮಾಡುತ್ತಾರೆ. ಫೇಲಾದರೆ ಎದೆಯ ಮೇಲಿನ ಹಿತ್ತಾಳೆ ಬಿಲ್ಲೆಯನ್ನು ಬಿಚ್ಚಿಕೊಡಬೇಕು. ಐವತ್ತೆಂಟರ ಗೈಡಿಗೆ ಬೇರೆ ಕಸುಬು ಗೊತ್ತಿರಲಿಲ್ಲ.

“ಮದುವೆಯಾದಾಗಿನಿಂದ ಮನೆಕೆಲಸ ಅಂದ್ರೆ ಹಿಂದೆ ಸರೀತಿದ್ರಿ. ಇವತ್ತಾದ್ರೂ ಮುಂದೆ ಹೋಗ್ರೀ,” ಎಂದಳು ಕೋಟೆ ಬಾಗಿಲಲ್ಲಿ ಬಿಸಿಲ ಟೋಪಿ ಮಾರುವ ಹೆಂಡತಿ.

“ಮುಂದೆ ನೋಡ್ಕೊಂಡು ನಡೆದ್ರೆ ಜನ ನಗ್ತಿದಾರೋ ಆಕಳಿಸ್ತಿದಾರೋ ಹೇಗೆ ಗೊತ್ತಾಗ್ಬೇಕು?”

“ನೀವು ಬಾಯಿ ಬಿಟ್ರೆ ಆಕಳಿಸ್ತಾರೆ. ಅದನ್ನ ನೋಡ್ಬೇಕಾ?”

ಅಂದಿನ ಗುಂಪಿನಲ್ಲಿ ಇದ್ದದ್ದು ರಜೆಗೆ ಬಂದ ಒಬ್ಬ ಅಜ್ಜಿ, ಆಕೆಯ ಮಗ, ಸೊಸೆ, ಜೊತೆಗೆ ಪುಸ್ತಕ ಹಿಡಿದ ಮೇಡಂ. ಗೈಡು ಮುಂದಕ್ಕೆ ನಡೆದ. ಅಂಗಳದಲ್ಲಿ ಅಭ್ಯಾಸಬಲದಿಂದ ಬಲಗೈ ಚಾಚಿ, “ದೊರೆಗಳು ಗುಟ್ಟಾಗಿ ಮಂತ್ರಾಲೋಚನೆ ನಡೆಸ್ತಿದ್ದದ್ದು ಇಲ್ಲೇ!” ಎಂದ. ಪ್ರವಾಸಿಗರ ಕಡೆ ತಿರುಗಿ ನಿಂತಾಗ ಆ ಕೋಣೆ ಬಲಕ್ಕೆ ಬರುತ್ತಿತ್ತು, ನಿಜ. ಈಗ ಅವನೇ ತಿರುಗಿದ್ದರಿಂದ ಬಲಕ್ಕಿದ್ದದ್ದು ಹೆಂಗಸರ ಶೌಚಾಲಯ.

“ನನಗೂ ಆ ಆಲೋಚನೆ ಬಂದು ಅರ್ಧ ಗಂಟೆ ಆಯ್ತಪ್ಪ,” ಎಂದು ಅಜ್ಜಿ ಒಳಗೆ ಹೋಗಿಬಂದರು.

ಮೇಡಂ ಪುಸ್ತಕದಲ್ಲಿ ಏನೋ ಗೀಚಿದರು. ಸಿಡಿಮದ್ದಿನ ಮನೆಗೆಂದು ಹೊರಟ ಗೈಡು ಎರಡು ಸಲ ಬಾಗಿಲಿಲ್ಲದ ಗೋಡೆಗೆ ಹೋಗಿ ನಿಂತ. ಕೊನೆಗೆ ಕಡಲಬಾಗಿಲಿಗೆ ಇಳಿಯುವ ಕಡಿದಾದ ಮೆಟ್ಟಿಲುಗಳ ಮೇಲ್ತುದಿಯಲ್ಲಿ ಬೆವರು ಒರೆಸಿಕೊಂಡು, “ಮೇಡಂ, ಮುಂದ್ಗಡೆಯಿಂದ ನನಗೆ ಈ ಕೋಟೆ ಪರಿಚಯ ಇಲ್ಲ,” ಎಂದು ಬಿಲ್ಲೆಯ ಪಿನ್ನಿಗೆ ಕೈ ಹಾಕಿದ.

“ಹಾಗಾದ್ರೆ ಇಲ್ಲಿಗೇ ಮುಗಿಸೋಣ,” ಎಂದರು ಮೇಡಂ.

“ಅದು ಹೇಗೆ ಮುಗಿಯುತ್ತಮ್ಮ? ಸಮುದ್ರ ಕೆಳಗಿದೆ, ನನ್ನ ಮಂಡಿ ಮೇಲಿದೆ,” ಅಜ್ಜಿ ಎರಡೂ ಕೈ ಚಾಚಿದರು. “ತಿರುಗಪ್ಪ ಈ ಕಡೆ. ಹಿಡ್ಕೋ.”

ಗೈಡು ತಿರುಗಿದ. ಹಿಮ್ಮಡಿ ಮೊದಲ ಮೆಟ್ಟಿಲು ಮುಟ್ಟಿದ್ದೇ ತಡ, ಅವನ ಗಂಟಲೂ ಬಿಚ್ಚಿಕೊಂಡಿತು.

“ಇದು ಗಿಡ್ಡ ಮೆಟ್ಟಿಲು ಅಜ್ಜಿ... ಈಗ ಎತ್ತರದ್ದು, ನಿಧಾನ... ಮುತ್ತಿಗೆ ಹಾಕಿದಾಗ ರಾಣಿ ಇದೇ ದಾರೀಲಿ ಇಳಿದ್ಲು, ಒಂದೇ ಒಂದು ದೀಪ ಇಲ್ಲದೆ... ಮೇಡಂ, ನಿಮ್ಮ ಮುಂದಿನ ಕಲ್ಲು ಅಲುಗಾಡುತ್ತೆ, ಗೋಡೆ ಹಿಡ್ಕೊಳ್ಳಿ.”

ಬರೆಯುತ್ತ ಇಳಿಯುತ್ತಿದ್ದ ಮೇಡಂ ಹಿಡಿಯಲಿಲ್ಲ. ಕಲ್ಲು ವಾಲಿತು, ಪೆನ್ನು ಠಣಠಣ ಎನ್ನುತ್ತ ಮರಳಿಗೆ ಹೋಯಿತು. ಅವರು ಗೋಡೆಗೆ ಹಲ್ಲಿಯಂತೆ ಅಂಟಿಕೊಂಡು ಉಳಿದರು.

“ಅದೊಂದೇನಾ? ಇನ್ನೂ ಇದೆಯಾ?” ಸ್ವರ ಸಣ್ಣಗಾಗಿತ್ತು.

“ಇನ್ನೂ ಮೂರಿದೆ ಮೇಡಂ. ಹೇಳ್ತೀನಿ, ಬನ್ನಿ.”

ಕೆಳಗೆ ಮೇಡಂ ಪೆನ್ನಿನ ಮರಳು ಕೊಡವಿ, ಕಟ್ಟೆಯ ಮೇಲೆ ಕೂತು, ಒಂದೊಂದೇ ಪದ ಯೋಚಿಸಿ ಬರೆದರು: ‘ಹಿರಿಯರನ್ನು ಕೈಹಿಡಿದು ಇಳಿಸುವ ಸಲುವಾಗಿ ಈ ಗೈಡಿಗೆ ಹಿಂದಕ್ಕೆ ನಡೆಯಲು ವಿನಾಯಿತಿ ನೀಡಲಾಗಿದೆ.’ ಆಮೇಲೆ ಸಹಿ ಹಾಕಿದರು.

“ಮೂರು ವರ್ಷಕ್ಕೆ ಕೊಟ್ಟಿದೀನಿ. ಬಿಲ್ಲೆ ಬಿಚ್ಚಬೇಡಿ.”

ಗೈಡಿಗೆ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ. ಅಜ್ಜಿ ಇನ್ನೂ ಬಿಟ್ಟಿರಲಿಲ್ಲ.

“ಅದೆಲ್ಲ ಆಮೇಲೆ,” ಎಂದರು ಅವರು. “ಇಳಿದ್ಲಲ್ಲ, ರಾಣಿ ಎಲ್ಲಿಗೆ ಹೋದ್ಲು?”